ಎದುರು ಮಾತಾಡದ ಮಗು

ಗರ್ಭದೊಳಗೆ ಮಗುವಿನ ಮಿದುಳಿನ ಕೋಶಗಳು ಡಿಎನ್‌ಎ ಹೆಣೆಯುತ್ತಿರುವಾಗಲೇ ಅದರಲ್ಲಿ ಬೇಕಾದ ಗುಣ ಬರೆಸುವುದು ಈಗ ಸೀಮಂತದ ಶಾಸ್ತ್ರಗಳಲ್ಲಿ ಒಂದು. ತುಂಗಭದ್ರಮ್ಮನವರು ಸೊಸೆಯನ್ನು ಕೇಳದೆ, “ಎದುರು ಮಾತಾಡಬಾರದು, ಅಷ್ಟೇ” ಎಂದು ಬರೆಸಿದ್ದರು.

ಮೊಮ್ಮಗಳು ಇಂಚರ ಯಾರ ಎದುರೂ ಬಾಯಿ ಬಿಡುವುದಿಲ್ಲ. ಬೆನ್ನು ತಿರುಗಿಸಿ ನಿಂತರೆ ಮಾತು ಸರಾಗ. ಬೆನ್ನ ಹಿಂದೆ ಆಡಿಕೊಳ್ಳುವುದೇ ರೂಢಿಯಾದ ಆ ಮನೆಯಲ್ಲಿ ಮೊದಮೊದಲು ಯಾರೂ ಇದನ್ನು ಗಮನಿಸಲಿಲ್ಲ.

“ಒಂದೇ ಒಂದ್ಸಲ ನನ್ ಮುಖ ನೋಡಿ ಅಮ್ಮಾ ಅನ್ನೋ ಹಾಗೆ ಮಾಡಿ, ಡಾಕ್ಟ್ರೇ,” ಎಂದಳು ಸೊಸೆ ರೇವತಿ, ಆಸ್ಪತ್ರೆಯಲ್ಲಿ.

“ಹುಟ್ಟಿದ್ಮೇಲೆ ಮಿದುಳಿನ ಆ ಕೋಶಗಳು ಹೊಸದಾಗಿ ಡಿಎನ್‌ಎ ಹೆಣೆಯಲ್ಲಮ್ಮ. ತಿದ್ದೋಕಾಗಲ್ಲ.”

“ಮಗು ಮರ್ಯಾದೆ ಕಲ್ತಿದೆ. ಇವಳಿಗೇನಂತೆ ಸಂಕಟ?” ಎಂದರು ತುಂಗಭದ್ರಮ್ಮ.

ಇಂಚರ ಗೋಡೆಯ ಕಡೆ ತಿರುಗಿ ಕೇಳಿದಳು: “ಹಾಗಾದ್ರೆ ಅಜ್ಜೀನೂ ತಿದ್ದೋಕಾಗಲ್ವಾ, ಡಾಕ್ಟ್ರೇ?”