ಎರಡು ಬಾಯಿಯ ಕೊಳಲು

"ನಿಲ್ಸಮ್ಮಾ, ನಿಲ್ಸು! ಅಲ್ಲೇ ಬರುತ್ತೆ ಅದು," ಎಂದು ಮಾವ ಎರಡೂ ಕಿವಿ ಮುಚ್ಚಿಕೊಂಡರು.

ಸೊಸೆ ಗುಂಡಿ ಒತ್ತಿ ಹಾಡನ್ನು ನಿಲ್ಲಿಸಿದಳು. ಹಳೆಯ ರೆಕಾರ್ಡಿಂಗುಗಳ ಕೊಳೆ ತೆಗೆದು ಹೊಸದಾಗಿ ಬಿಡುಗಡೆಗೆ ಸಿದ್ಧಪಡಿಸುವುದು ಅವಳ ಕೆಲಸ. ಈ ಸಲ ಅವಳ ಮೇಜಿಗೆ ಬಂದಿದ್ದು ಮಾವ ಪ್ರಾಯದಲ್ಲಿ ಕೊಳಲು ನುಡಿಸಿದ್ದ ರಾಕ್ ತಂಡದ ಹಾಡು. ಹಾಡು ಮನೆಮಾತಾಗಿತ್ತು. ಅದರಲ್ಲಿ ಕೊಳಲಿನ ಒಂದು ನೀಳ ಸ್ವರ ಕೊನೆಗೆ ಬರುತ್ತ ಸೊರಗಿ ಕೆಳಕ್ಕೆ ಜಾರುವುದೂ ಅಷ್ಟೇ ಮನೆಮಾತಾಗಿತ್ತು. ರೆಕಾರ್ಡಿನ ಹೊದಿಕೆಯ ಮೇಲೆ ಕೊಳಲಿನ ಮುಂದೆ ಅಚ್ಚಾಗಿದ್ದುದು ಮಾವನ ಹೆಸರು. ವಾದ್ಯದವರೆಲ್ಲ ಅವರನ್ನು 'ಜಾರುಬಂಡೆ' ಎಂದೇ ಕರೆದರು. ರೆಕಾರ್ಡು ಬಂದ ದಿನ ಒಂದು ಸಲ ಕೇಳಿದ್ದಷ್ಟೆ. ಆಮೇಲೆ ಮಾವ ಅದರ ತಂಟೆಗೆ ಹೋಗಲಿಲ್ಲ, ನಾಲ್ಕು ಜನರೆದುರು ಕೊಳಲು ಮುಟ್ಟಲೂ ಇಲ್ಲ.

"ಹಾಡು ಇರಲಿ. ನನ್ನ ಕೊಳಲನ್ನ ಮಾತ್ರ ಅಳಿಸಿಬಿಡು. ನಿನ್ನ ಮೆಷಿನ್ನಲ್ಲಿ ಆಗುತ್ತಲ್ಲ? ಈಗಿನ ಹುಡುಗರ ಬಾಯಲ್ಲೂ ಜಾರುಬಂಡೆ ಅನ್ನಿಸ್ಕೊಳ್ಳೋ ಆಸೆ ನನಗಿಲ್ಲ."

"ಏನೂ ಅಳಿಸ್ಬೇಡ," ಎಂದರು ಜೊತೆಗೆ ಬಂದಿದ್ದ ಅತ್ತೆ. "ಆ ಸ್ವರಕ್ಕೇನು ಧಾಡಿ? ಅದು ಭಾವ. ಜಾರಿದ್ದಲ್ಲ, ಜಾರಿಸಿದ್ದು."

"ನೀನೊಬ್ಬಳು ಸುಮ್ನಿರೇ. ಅವತ್ತು ನನಗೆ ನೆಗಡಿ."

ಸೊಸೆ ಪೇಚಿಗೆ ಸಿಕ್ಕಳು. ನುಡಿಸಿದ್ದನ್ನು ನುಡಿಸಿಯೇ ಇಲ್ಲ ಎನ್ನುವಂತೆ ಮಾಡುವುದು ಅವಳ ಕಸುಬಿಗೆ ಸಲ್ಲದು. ಮಾವನಿಗೆ ಆಗದು ಎನ್ನಲೂ ಬಾಯಿ ಬಾರದು. ಮೂಲ ಟೇಪಿನಲ್ಲಿ ಒಂದೊಂದು ವಾದ್ಯವೂ ಬೇರೆ ಬೇರೆಯಾಗಿ ಇತ್ತು. ಮೊದಲು ಕೇಳಿಯಾದರೂ ನೋಡೋಣವೆಂದು ಗಿಟಾರು, ಡ್ರಮ್ಮು, ಹಾಡುಗಾರನ ದನಿ ಎಲ್ಲವನ್ನೂ ಮುಚ್ಚಿ ಕೊಳಲೊಂದನ್ನೇ ಬಿಟ್ಟಳು.

ನೀಳ ಸ್ವರ ಬಂತು, ಸೊರಗಿತು, ಜಾರಿತು. ಮುಂದಿನ ಸಾಲಿನಲ್ಲೂ ಬಂತು, ಅಲ್ಲೇ ಸೊರಗಿತು, ಅಷ್ಟೇ ಜಾರಿತು. ಸ್ವರ ಹೊರಡುವಾಗ ನಾಲಿಗೆ ತಾಕುವ ಸಣ್ಣ ಸದ್ದೂ ಅದೇ, ಉಸಿರಿನ ನಡುಕವೂ ಅದೇ. ಸೊಸೆಯ ಕೈ ನಿಂತಿತು. ಮನುಷ್ಯ ಒಮ್ಮೆ ಮಾಡಿದ ತಪ್ಪನ್ನು ಮತ್ತೆ ಮಾಡಿಯಾನು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಮಾಡಲಾರ. ತನ್ನ ಕಿವಿಯ ಮೇಲೇ ಅನುಮಾನ ಬಂದು ಹೆಡ್‌ಫೋನು ಹಾಕಿಕೊಂಡು ಮತ್ತೆ ಕೇಳಿದಳು. ಅನುಮಾನವಿಲ್ಲ. ಇದು ಆ ಕಾಲದ ಟೇಪ್ ಕೀಬೋರ್ಡು. ಅದರ ಹೊಟ್ಟೆಯಲ್ಲಿ ಒಂದೊಂದು ಕೀಗೂ ಒಂದೊಂದು ತುಂಡು ಟೇಪು. ಒಂದೊಂದರಲ್ಲೂ ಯಾವನೋ ಕೊಳಲಿನವನು ಎಂದೋ ಊದಿಟ್ಟ ಒಂದು ಸ್ವರ. ಕೀ ಒತ್ತಿದಾಗಲೆಲ್ಲ ಅದೇ ಉಸಿರು.

ಹೇಳುವುದು ಹೇಗೆ? ಮಾವನ ಹೆಸರಿರುವ ರೆಕಾರ್ಡು ಲೋಕದಲ್ಲಿ ಇದೊಂದೇ. ಒಳ್ಳೆಯದೋ ಕೆಟ್ಟದ್ದೋ, ಅದನ್ನೂ ಕಿತ್ತುಕೊಂಡಂತಾದರೆ? ಹೇಳದೆ ಉಳಿದರೆ ಅದೂ ಮೋಸವೇ.

"ಮಾವ, ಬೇಜಾರು ಮಾಡ್ಕೋಬೇಡಿ. ಇಲ್ಲೊಂದ್ಸಲ ಕಿವಿ ಕೊಡಿ. ಈ ಸ್ವರ ಮುಗಿಯೋಕೆ ಮುಂಚೆನೇ ಇನ್ನೊಂದು ಸ್ವರ ಎದ್ದಿದೆ. ಎರಡೂ ಒಟ್ಟಿಗೆ ಕೇಳಿಸ್ತಾ ಇದೆ."

ಮಾವ ಅಳುಕುತ್ತಲೇ ಕಿವಿಯಿಂದ ಕೈ ತೆಗೆದರು. ಕೇಳಿದರು. ಹುಬ್ಬು ಮೇಲಕ್ಕೇರಿತು. "ಇನ್ನೊಂದ್ಸಲ ಹಾಕು... ಅಲ್ಲಮ್ಮಾ, ಒಟ್ಟಿಗೆ ಹೇಗಾಗುತ್ತೆ? ನನಗೇನು ಎರಡು ಬಾಯಿ ಇದೆಯಾ?"

"ಊಟಕ್ಕೆ ಕೂತಾಗ ಇರುತ್ತೆ," ಎಂದರು ಅತ್ತೆ.

"ಇದು ನೀವಲ್ಲ ಮಾವ. ಕೀಬೋರ್ಡು. ಟೇಪ್ ಹಾಕಿರೋದು."

ಮಾವ ಸ್ಪೀಕರಿನ ಕಡೆ ಬಗ್ಗಿದರು. "ಅವತ್ತು ಹಾಡೋನಿಗೆ ಗಂಟಲು ಕಟ್ಟಿತ್ತು," ಎಂದರು ಮೆಲ್ಲಗೆ. "ನಾನು ಊದಿ ಮನೆಗೆ ಬಂದ್ಮೇಲೆ ಶ್ರುತಿ ಇಳಿಸಿರ್ತಾರೆ. ನನ್ನದು ಅದಕ್ಕೆ ಹೊಂದಿರಲ್ಲ. ಮತ್ತೆ ಕರೆಸೋಕೆ ಪುರುಸೊತ್ತಿಲ್ಲದೆ ಕೀಬೋರ್ಡಿನೋನು ಒತ್ತಿಬಿಟ್ಟಿದಾನೆ. ಹೆಸರು ಮಾತ್ರ ಹಾಗೇ ಉಳೀತು."

ಅವರ ಭುಜ ಅಲುಗತೊಡಗಿತು. ಸೊಸೆ ಹೆದರಿ ನೀರಿನ ಲೋಟ ಮುಂದಕ್ಕೆ ತಳ್ಳಿದಳು. ನೋಡಿದರೆ ಅವರು ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವ ಹಾಗೆ. "ನಾನಲ್ಲವಂತೆ ಕಣೇ! ನಾನಲ್ಲ!"

"ನಗ್ತೀರಲ್ರೀ!" ಅತ್ತೆ ಸಿಡಿದರು. "ಭಾವ, ಭಾವ ಅಂತ ಕಂಡಕಂಡವರ ಹತ್ರ ವಾದ ಮಾಡಿ ನನ್ನ ಗಂಟಲು ಹರೀತು. ನನ್ನ ತಂಗಿ ಗಂಡನ ಹತ್ರ ಮಾತೇ ಬಿಟ್ಟೆ. ಎಲ್ಲಾ ಒಂದು ಪೆಟ್ಟಿಗೆಗೋಸ್ಕರನಾ?"

"ಅವನ ಹತ್ರ ಮಾತು ಬಿಟ್ಟಿದ್ದಂತೂ ಲಾಭಾನೇ ಬಿಡು."

ಅತ್ತೆಗೂ ನಗು ತಡೆಯಲಾಗಲಿಲ್ಲ. ಸೊಸೆ ಹೊಸ ಹೊದಿಕೆಯಲ್ಲಿ ತಪ್ಪು ತಿದ್ದಿಸುವುದಾಗಿ ಹೇಳಿದಳು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅತ್ತೆ, "ಇನ್ನೇನಮ್ಮಾ, ಅಳಿಸಿ ಬಿಸಾಕು ಆ ದರಿದ್ರ ಪೆಟ್ಟಿಗೇನ. ನಮಗೇನೂ ಆಗಬೇಕಿಲ್ಲ," ಎಂದರು.

ಮಾವ ಕೈ ಎತ್ತಿ ತಡೆದರು. ಹಾಡನ್ನು ಮೊದಲಿನಿಂದ ಹಾಕಿಸಿ, ಕಾಲು ಚಾಚಿ ಕೂತು, ಕಣ್ಣು ಮುಚ್ಚಿ ಕೇಳಿದರು. ನೀಳ ಸ್ವರ ಬಂತು, ಸೊರಗಿತು, ಜಾರಿತು.

"ಪಾಪ," ಎಂದರು. "ಯಾವನೋ ಒಬ್ಬ ಒಂದಿನ ಕೂತು ಪೆಟ್ಟಿಗೆಗೆ ಅಂತ ಊದಿ ಎದ್ದುಹೋಗಿರ್ತಾನೆ. ಇನ್ನೂ ಎಷ್ಟು ಹಾಡಲ್ಲಿ ಜಾರ್ತಾ ಇದಾನೋ. ಇರಲಿ, ಅಳಿಸ್ಬೇಡ. ಅವನಿಗೆ ಯಾರೂ ಹೇಳದಿದ್ರೆ ಸಾಕು."