ತಾಮ್ರದ ಹೊದಿಕೆ

ಸೋಮವಾರ ಬೆಳಿಗ್ಗೆ ಅವಳ ತಮ್ಮನಿದ್ದ ದೋಣಿಯ ಸಂಪರ್ಕ ಕಡಿದುಹೋಯಿತು. ಬುಧವಾರದವರೆಗೆ ಬಂದರಿನವರು ಕಡಲನ್ನು ಜಾಲಾಡಿದರು; ಏನೂ ಸಿಗಲಿಲ್ಲ. ಗುರುವಾರ ಸಂಜೆ ಅಪ್ಪನ ರೇಡಿಯೊದಲ್ಲಿ ಒಂದು ಸಣ್ಣ ಶಬ್ದ ಮೊದಲ ಬಾರಿಗೆ ಕೇಳಿಸಿತು. ಶನಿವಾರ, ಅಂದರೆ ಹುಡುಕಾಟವನ್ನು ಪೂರ್ತಿಯಾಗಿ ಕೈಬಿಡಲು ಬಂದರಿನ ಅಧಿಕಾರಿ ಗೊತ್ತುಪಡಿಸಿದ್ದ ದಿನ, ಮಗಳು ತಾಮ್ರದ ಜಾಲರಿಯ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಕೆಲಸದಿಂದ ನೇರವಾಗಿ ತವರಿಗೆ ಬಂದಳು.

"ಬಂದ್ಯಾ, ತಗಡಕ್ಕ," ಎಂದ ಅಪ್ಪ.

ಅದು ತಮ್ಮ ಇಟ್ಟ ಹೆಸರು. ಆಂಟೆನಾಗಳ ಆಸುಪಾಸಿನಲ್ಲಿ ಲೋಹದ ಹೊದಿಕೆ ಹೊದಿಸಿ, ಹತ್ತಿರದ ವಿದ್ಯುತ್ ಉಪಕರಣಗಳಿಂದ ನುಗ್ಗುವ ಅಡ್ಡಸದ್ದನ್ನು ತಡೆಯುವುದು ಅವಳ ಉದ್ಯೋಗ. "ನಮ್ಮಕ್ಕ ರೇಡಿಯೊಗೆ ಸ್ವೆಟರ್ ಹಾಕ್ತಾಳೆ" ಎಂದು ಅವನು ಊರೆಲ್ಲ ಹೇಳಿಕೊಂಡು ಬಂದಿದ್ದ. ಹಡಗುಗಳ ರೇಡಿಯೊ ಆಪರೇಟರ್ ಆಗಿ ನಿವೃತ್ತನಾದ ಅಪ್ಪ ಗುರುವಾರದಿಂದ ಕಿವಿಯ ಮೇಲಿನ ಹೆಡ್‌ಫೋನ್ ತೆಗೆದಿರಲಿಲ್ಲ. ಈಗ ಅದರ ತಂತಿಯನ್ನು ಕಿತ್ತು, ಸದ್ದು ಸ್ಪೀಕರಿನಲ್ಲಿ ಬರುವಂತೆ ಮಾಡಿದ.

"ಸುಮ್ನೆ ಕೇಳು."

ಗೊರಗೊರ ಸದ್ದಿನ ಅಡಿಯಿಂದ ಸಣ್ಣಗೆ, ಟಕ್ ಟಕ್. ಆಮೇಲೆ ಏನೂ ಇಲ್ಲ.

ಅವಳಿಗೆ ಗುರುತು ಸಿಕ್ಕಿತು. ಮಾತನಾಡುವ ಮುನ್ನ ಮೈಕಿನ ಗುಂಡಿಯನ್ನು ಎರಡು ಸಲ ಒತ್ತುವುದು ತಮ್ಮನ ಚಾಳಿ. ಅಪ್ಪ ಎಷ್ಟು ಬೈದರೂ ಬಿಟ್ಟಿರಲಿಲ್ಲ. "ಮನೆಗೆ ಬರೋನು ಬಾಗಿಲು ತಟ್ಟಬೇಡ್ವೇನಪ್ಪ?" ಎನ್ನುತ್ತಿದ್ದ.

"ಗುಂಡಿ ಒತ್ತುತ್ತಾನೆ, ಮಾತು ಮಾತ್ರ ಈ ಹಾಳು ಗೊರಗೊರದಲ್ಲಿ ಮುಚ್ಚಿಹೋಗುತ್ತೆ," ಎಂದ ಅಪ್ಪ. "ಅದನ್ನೊಂದು ತೆಗೆದುಕೊಡು, ಸಾಕು. ಒಂದೇ ಒಂದು ಮಾತು ಕೇಳಿಸಿದ್ರೂ ಬೆಳಿಗ್ಗೆ ಮತ್ತೆ ದೋಣಿ ಕಳಿಸ್ತೀನಿ ಅಂದಿದ್ದಾರೆ ಬಂದರಿನ ಸಾಹೇಬ್ರು. ಇವತ್ತು ಸಂಜೆ ಏಳು ಗಂಟೆಗೆ ಫೋನ್ ಮಾಡ್ತಾರೆ."

"ದಿನವಿಡೀ ಬರುತ್ತಾ ಇದು?"

"ಹಗಲು ಅಪರೂಪ. ಸಂಜೆ ಥಂಡಿ ಏರಿದ ಹಾಗೆ ಜಾಸ್ತಿ. ಚಳೀಲಿ, ಪಾಪ, ಪದೇ ಪದೇ ಕರೀತಾನೆ."

ಆಂಟೆನಾ ಮಾಳಿಗೆಯ ಮೇಲಿತ್ತು. ಅದರಿಂದಿಳಿದ ಕೇಬಲ್ ತಮ್ಮನ ಕೋಣೆಯ ಗೋಡೆಗುಂಟ ಹಾದು, ನಡುಮನೆಯನ್ನು ದಾಟಿ, ಅಪ್ಪನ ಮೇಜನ್ನು ಸೇರುತ್ತಿತ್ತು. ಉಪ್ಪುಗಾಳಿಗೆ ಅದರ ಸಿಪ್ಪೆ ಬಿರಿದು, ಒಳಗಿನ ಲೋಹದ ಹೆಣಿಗೆ ಹಸಿರುಗಟ್ಟಿತ್ತು. ಅವಳು ಆಂಟೆನಾವನ್ನು ಮುಟ್ಟಲಿಲ್ಲ. ಅದು ಕಡಲಿಗೆ ತೆರೆದುಕೊಂಡೇ ಇರಬೇಕು. ಮನೆಯೊಳಗಿನ ಕೇಬಲನ್ನಷ್ಟೇ ಈ ತುದಿಯಿಂದ ಆ ತುದಿಯವರೆಗೆ ಜಾಲರಿಯಲ್ಲಿ ಸುತ್ತಿ, ಅಂಚಿಗೆ ಬೆಸುಗೆ ಹಾಕಿ, ಕೊನೆಯನ್ನು ಅರ್ಥಿಂಗಿಗಾಗಿ ನೆಲದಲ್ಲಿ ಹೂತಿದ್ದ ತಾಮ್ರದ ಸರಳಿಗೆ ಬಿಗಿದಳು. ಎಲ್ಲಿಯೂ ಸೂಜಿ ತೂರುವಷ್ಟು ಸಂದು ಉಳಿಯದಂತೆ ನೋಡಿಕೊಂಡಳು.

ಗೊರಗೊರ ಅಡಗಿಹೋಯಿತು. ದೂರದ ಬಂದರೊಂದರ ಹವಾಮಾನ ವರದಿ, ಪಕ್ಕದ ಕೋಣೆಯಲ್ಲಿ ಕುಳಿತು ಯಾರೋ ಓದುತ್ತಿರುವಷ್ಟು ಸ್ಪಷ್ಟವಾಗಿ ಕೇಳಿಬಂತು. ಅಪ್ಪ ಅವಳ ತಲೆ ನೇವರಿಸಿದ. ಇಬ್ಬರೂ ಕಾದರು. ಕಿಟಕಿಯ ಗಾಜು ತಣ್ಣಗಾಗಿ ಮಂಜು ಕಟ್ಟಿತು. ಟಕ್ ಟಕ್ ಮಾತ್ರ ಬರಲಿಲ್ಲ.

"ಗೊರಗೊರದ ಜೊತೆ ಅವನನ್ನೂ ಮುಚ್ಚಿಬಿಟ್ಟೆ ನೀನು," ಎಂದ ಅಪ್ಪ.

"ಅಪ್ಪ, ಹೊರಗಿಂದ ಬರೋದನ್ನ ಇದು ತಡೆಯಲ್ಲ, ಮನೆಯೊಳಗಿನ ಅಡ್ಡಸದ್ದನ್ನಷ್ಟೇ. ಹವಾಮಾನ ಕೇಳಿಸ್ತಲ್ಲ."

"ನನಗೆ ಪಾಠ ಹೇಳ್ಬೇಡ. ತೆಗಿ ಅದನ್ನ."

ಅವನಿಗೆ ಪಾಠದ ಅಗತ್ಯವಿರಲಿಲ್ಲ. ಜೀವಮಾನವೆಲ್ಲ ಇದನ್ನೇ ಕೇಳಿದವನು ಆಗಲೇ ಸ್ಪೀಕರಿನ ಸದ್ದನ್ನು ಪೂರ್ತಿ ಏರಿಸಿದ್ದ. ಅವಳು ಗೇಣು ಗೇಣಾಗಿ ಜಾಲರಿಯನ್ನು ಬಿಚ್ಚುತ್ತ ಹೋದಳು. ಮೇಜಿನ ಬಳಿ ಬಿಚ್ಚಿದಾಗ ಗೊರಗೊರ ಕೊಂಚ ಮರಳಿತು, ಅಷ್ಟೇ. ನಡುಮನೆಯಲ್ಲಿಯೂ ಅಷ್ಟೇ. ತಮ್ಮನ ಕೋಣೆಯ ಗೋಡೆಯ ಮೇಲಿನ ತುಂಡನ್ನು ಬಿಚ್ಚಿ ಕೆಳಗಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಟಕ್ ಟಕ್.

"ಬಂದ," ಎಂದಿತು ಆಚೆಯಿಂದ ಅಪ್ಪನ ಸ್ವರ.

ಅದೇ ಗೋಡೆಗೆ ಒತ್ತಿಕೊಂಡಂತೆ ತಮ್ಮನ ಮೀನಿನ ತೊಟ್ಟಿಯಿತ್ತು. ನೀರು ತಣಿದಾಗ ತಾನಾಗಿ ಕಾಯುವ ಹಳೆಯ ಹೀಟರೊಂದು ಅದರಲ್ಲಿ ಮುಳುಗಿತ್ತು. ಅವಳು ಬಗ್ಗಿ ನೋಡುತ್ತಿದ್ದಂತೆ, ಅದರ ಗಾಜಿನ ಕೊಳವೆಯೊಳಗಿನ ಸವೆದ ಸ್ವಿಚ್ಚು ಎರಡು ಬಾರಿ ನೀಲಿ ಕಿಡಿ ಹಾರಿಸಿತು. ಅದೇ ಗಳಿಗೆಗೆ ಸ್ಪೀಕರಿನಲ್ಲಿ ಟಕ್ ಟಕ್. ಅವಳು ಪ್ಲಗ್ ಕಿತ್ತು ಕಾದಳು. ಏನೂ ಇಲ್ಲ. ಮತ್ತೆ ಹಾಕಿದಳು. ಟಕ್ ಟಕ್. ಇನ್ನೊಮ್ಮೆ ಕಿತ್ತು ತಿರುಗಿದಾಗ ಅಪ್ಪ ಬಾಗಿಲಲ್ಲಿ ನಿಂತು ಅವಳ ಕೈಯಲ್ಲಿದ್ದ ಪ್ಲಗ್ಗನ್ನು ನೋಡುತ್ತಿದ್ದ.

ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. "ಅದನ್ಯಾಕೆ ಕಿತ್ತೆ ಪುಟ್ಟಿ? ಗುರುವಾರ ಚಳಿ ಶುರುವಾದಾಗಿಂದ ಹಾಕಿಟ್ಟಿದ್ದೀನಿ. ನೀರು ತಣ್ಣಗಾದ್ರೆ ಆ ಮೀನು ಉಳಿಯಲ್ಲ. ಹೋಗೋವಾಗ ನಿನ್ನ ತಮ್ಮ ಬಾಗಿಲಲ್ಲಿ ನಿಂತು ಅದನ್ನೇ ಹೇಳಿದ್ದ. ಒಂದು ಸತ್ರೂ ಬಂದು ನನ್ನ ಜೀವ ತಿಂತಾನೆ."

ನಡುಮನೆಯಲ್ಲಿ ಫೋನ್ ಹೊಡೆದುಕೊಂಡಿತು. ಅಪ್ಪ ಹೋಗಿ ಅದನ್ನೆತ್ತಿದ. ಇತ್ತ ಅಮ್ಮ, ಮಗಳ ಬೆರಳುಗಳನ್ನು ಬಿಡಿಸಿ ಪ್ಲಗ್ಗನ್ನು ತೆಗೆದುಕೊಂಡು, ಬಗ್ಗಿ, ಅದರ ಜಾಗಕ್ಕೆ ಸಿಕ್ಕಿಸಿದಳು.

ಟಕ್ ಟಕ್.

ಅಪ್ಪ ಅದು ಮುಗಿಯುವವರೆಗೆ ಕಾದ. ಆಮೇಲೆ, ಹಡಗಿನಲ್ಲಿ ವರದಿ ಒಪ್ಪಿಸುತ್ತಿದ್ದ ಅದೇ ನಿಧಾನದ ದನಿಯಲ್ಲಿ ಫೋನಿಗೆ ಹೇಳಿದ:

"ಇಲ್ಲ ಸರ್. ಕಡಲಿಂದ ಏನೂ ಬಂದಿಲ್ಲ."