ಹೂತಿಟ್ಟ ಬನಿಯನ್

ತಮ್ಮನ ಹೊಲದಲ್ಲಿ ಹೂತಿದ್ದ ಬನಿಯನ್ ಇಡಿಯಾಗಿಯೇ ಬಂತು. ಅವನು ಮಣ್ಣು ಕೊಡವಿ ಎದೆಗೆ ಹಿಡಿದುಕೊಂಡ. "ಒಗೆದ್ರೆ ನಾಳೆ ಹಾಕ್ಕೋಬಹುದು. ಈಗ ನಿಂದು ತೆಗಿಯಕ್ಕ."

ಬದುವಿನಾಚೆ ಅಕ್ಕ ಅಲಸಂದೆ ಬಿತ್ತಿ, ಕಾಯಿ ಕಟ್ಟುವ ಮೊದಲೇ ಉತ್ತು ಮಣ್ಣಿಗೆ ಸೇರಿಸಿದ್ದಳು. ಉಣ್ಣುವ ಬಾಯಿಗೆ ಮಣ್ಣು ಹಾಕಿದಳೆಂದು ತಮ್ಮ ಊರೆಲ್ಲ ಹೇಳಿಕೊಂಡು ನಕ್ಕಿದ್ದ. ಮಣ್ಣೊಳಗಿನ ಜೀವಗಳಿಗೂ ಊಟ ಬೇಕೆಂಬುದು ಅವಳ ವಾದ. ಕೊನೆಗೆ ಪಂದ್ಯ ಕಟ್ಟಿ, ಎರಡೂ ಹೊಲದಲ್ಲಿ ಒಂದೊಂದು ಹತ್ತಿ ಬನಿಯನ್ ಹೂತು, ಜೋಳ ಬಿತ್ತಿದ್ದರು. ಯಾರ ಮಣ್ಣು ಬನಿಯನ್ನನ್ನು ಹೆಚ್ಚು ತಿನ್ನುತ್ತದೋ ಅವರು ಗೆದ್ದಂತೆ; ಸೋತವರು ಮುಂದಿನ ಸಲ ಗೆದ್ದವರು ಹೇಳಿದ್ದನ್ನೇ ಬಿತ್ತಬೇಕು. ಅವಳ ಜೋಳ ಈಗಾಗಲೇ ಅವನದಕ್ಕಿಂತ ಮೊಳ ಎತ್ತರವಿತ್ತು. ಅದು ಗಾಳಿಯ ಗುಣ ಎಂದುಬಿಟ್ಟಿದ್ದ ತಮ್ಮ.

ಅಕ್ಕ ಗುದ್ದಲಿಯಿಂದ ಮೆಲ್ಲಗೆ ಕೆದಕಿದಳು. ಬಟ್ಟೆ ಸಿಗಲಿಲ್ಲ. ಕೈಹಾಕಿ ತಡಕಿದಾಗ ಕುತ್ತಿಗೆಯ ಅಂಚಿನ ನೈಲಾನ್ ದಾರವಷ್ಟೇ ಬಂತು.

ತಮ್ಮ ಆ ದಾರವನ್ನು ಅಂಗೈ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದ. ಅವಳ ಮಣ್ಣನ್ನು ಮೂಸಿದ. ಬದು ದಾಟಿ ಹೋಗಿ ತನ್ನದನ್ನೂ ಮೂಸಿದ.

"ನನ್ನ ಹೊಲದಲ್ಲಿ ಯಾರೂ ಇಲ್ವೇನಕ್ಕ?"

"ಇದ್ದಾರೆ ಕಣೋ. ಉಪವಾಸ ಬಿದ್ದು ಬಿದ್ದು ಅಗಿಯೋ ತ್ರಾಣಾನೂ ಇಲ್ಲ."

"ಅಲಸಂದೆ ಬೀಜ ಉಳಿದಿದ್ಯಾ?" ಎಂದು ಕೇಳುತ್ತಲೇ ತಮ್ಮ ತನ್ನ ಬನಿಯನ್ನನ್ನು ಮತ್ತೆ ಗುಂಡಿಯಲ್ಲಿಟ್ಟು, ಮಲಗಿದವರಿಗೆ ಹೊದಿಸುವಂತೆ ಮಣ್ಣು ಎಳೆದ.